ಓಡದ ಡ್ರಿಲ್ ಮಾಸ್ತರರು

ಕಳೆದ ತಿಂಗಳು ಮಗ ಹಟ ಹಿಡಿದು ನನ್ನ ಎದೆಯ ಪರೀಕ್ಷೆ ಮಾಡಿಸಿದ. ಒಂದು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಎದೆಗೆ ತಣ್ಣನೆಯ ಲೋಳೆ ಹಚ್ಚಿ, ಒಂದು ಗುಂಡಿಯಂಥ ಉಪಕರಣವನ್ನು ಅಲ್ಲಿ ಇಲ್ಲಿ ಒತ್ತುತ್ತಿದ್ದ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡ್ರಿ ಅಜ್ಜಿ, ನಿಮ್ಮ ವಾಲ್ವ್ ಇದು" ಎಂದಳು. ಮಂಜಿನಂಥ ಬೂದುಬಣ್ಣದ ನಡುವೆ ಎರಡು ತೆಳ್ಳನೆಯ ಎಲೆಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. "ಚಲೋ ಐತ್ರಿ, ಏನೂ ಆಗಿಲ್ಲ" ಎಂದು ಆಕೆ ಲೋಳೆ ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು. ನಾನು ಎದ್ದು ಕೂತು ಸೀರೆ ಸರಿಮಾಡಿಕೊಳ್ಳುವಾಗ ನೆನಪಾದವರು ಮುದ್ದೇಬಿಹಾಳದ ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರು. ಇಂಥದೊಂದು ಎಲೆ ಸರಿಯಾಗಿ ತೆರೆಯದ್ದರಿಂದ ಅವರ ಬದುಕು ಹಾಗಾಯಿತು. ಅದು ಹೇಗಿರುತ್ತದೆಂದು ಅವರು ಒಮ್ಮೆಯೂ ಕಣ್ಣಿನಿಂದ ನೋಡಲಿಲ್ಲ. ಆಗ ಇಂಥ ಯಂತ್ರ ನಮ್ಮ ಸೀಮೆಗೆ ಬಂದಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿದ್ದೂ ಇಲ್ಲ. ಕಿರಾಣಿ ಅಂಗಡಿಯವರಿಗೆ, ಬಸ್ಸಿನ ಕಂಡಕ್ಟರರಿಗೆ, ಹೆಡ್‌ಮಾಸ್ತರರಿಗೆ, ಎಲ್ಲರಿಗೂ ಅವರು ಡ್ರಿಲ್ ಮಾಸ್ತರ್ರು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಹಿಂದಿ ಕಲಿಸಲು ಆ ಶಾಲೆಗೆ ಸೇರಿದೆ. ನನ್ನ ತವರು ಬಸವನ ಬಾಗೇವಾಡಿ. ಗಂಡನಿಗೆ ಮುದ್ದೇಬಿಹಾಳದ ತಾಲೂಕು ಕಚೇರಿಯಲ್ಲಿ ಕೆಲಸ. ಶಾಲೆಯಲ್ಲಿ ಹೆಂಗಸು ಶಿಕ್ಷಕಿ ನಾನೊಬ್ಬಳೇ ಇದ್ದದ್ದರಿಂದ ಎಲ್ಲರೂ ನನ್ನನ್ನು "ಬಾಯಾರ" ಎನ್ನುತ್ತಿದ್ದರು. ಮೊದಲ ದಿನವೇ ನನಗೆ ವಿಚಿತ್ರ ಅನಿಸಿದ್ದು ಡ್ರಿಲ್ ಮಾಸ್ತರರ ಡ್ರಿಲ್. ಮೂವತ್ತು ದಾಟಿದ್ದ, ಎತ್ತರದ, ಅಗಲ ಹೆಗಲಿನ ಆಳು. ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು. ಆದರೆ ಮೈದಾನದ ಬೇವಿನ ಗಿಡದ ಕೆಳಗೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. "ಸಾವಧಾನ್! ವಿಶ್ರಾಮ್!" ಎಲ್ಲ ಕೂತಲ್ಲಿಂದಲೇ. ಕಬಡ್ಡಿಯ ತಪ್ಪು ತಿದ್ದಬೇಕಾದರೆ ಹುಡುಗರನ್ನೇ ಕುರ್ಚಿಯ ಹತ್ತಿರ ಕರೆದು, ಅವರ ಕಾಲನ್ನು ಹಿಡಿದು ಹೇಗಿಡಬೇಕೆಂದು ತೋರಿಸುತ್ತಿದ್ದರು. ಓಡಿದ್ದನ್ನು ಯಾರೂ ನೋಡಿರಲಿಲ್ಲ. "ಸರ್ಕಾರ ನಮಗ ಕುಂಡ್ರೋ ಡ್ರಿಲ್ ಮಾಸ್ತರನ್ನ ಕೊಟ್ಟೈತಿ" ಎಂದು ಹೆಡ್‌ಮಾಸ್ತರರು ನಗುತ್ತಿದ್ದರು. ಡ್ರಿಲ್ ಮಾಸ್ತರರೂ ನಗುತ್ತಿದ್ದರು.

ಅವರು ನಾಲತವಾಡದವರು. ತರಬೇತಿ ಕಾಲೇಜಿನಲ್ಲಿ ಕಬಡ್ಡಿ ತಂಡದ ನಾಯಕರಾಗಿದ್ದರಂತೆ. ಹಾಗಿದ್ದವರು ಹೀಗೇಕೆ ಎಂದು ಕೇಳಿದರೆ "ವಯಸ್ಸಾತಲ್ರಿ" ಎನ್ನುತ್ತಿದ್ದರು.

ನಮ್ಮ ಮನೆಗಳು ಒಂದೇ ಓಣಿಯಲ್ಲಿದ್ದವು. ಎಷ್ಟೋ ಸಲ ಶಾಲೆಗೆ ಜೊತೆಯಲ್ಲಿ ಹೋಗುತ್ತಿದ್ದೆವು. ಸ್ವಲ್ಪ ದೂರ ನಡೆದರೆ ಸಾಕು, ಅವರು ನಿಂತುಬಿಡುವರು. ಶೇಂಗಾ ವ್ಯಾಪಾರಿಯ ಅಂಗಡಿಯ ಮುಂದೆ ನಿಂತು, "ಹ್ಯಾಂಗ ಐತ್ರಿ ಇವತ್ತ ಪ್ಯಾಟಿ?" ಎಂದು ಕೇಳುವರು. ಮುಂದೆ ಸಿನಿಮಾ ಪೋಸ್ಟರ್ ಓದುವರು. ಮತ್ತೆ ಮುಂದೆ, ಸೈಕಲ್ ರಿಪೇರಿಯವನ ಮಗನ ಜ್ವರ ಹೇಗಿದೆಯೆಂದು ವಿಚಾರಿಸುವರು. ಊರಿನ ಪ್ರತಿ ಬಾಗಿಲಿನವರ ಸುಖದುಃಖವೂ ಅವರಿಗೆ ಗೊತ್ತಿತ್ತು. ಮಾತಿನ ಹುಚ್ಚು ಇರಬೇಕು ಎಂದುಕೊಂಡಿದ್ದೆ. ಅವರು ನಿಲ್ಲುತ್ತಿದ್ದದ್ದು ಉಸಿರಿಗಾಗಿ ಎಂದು ತಿಳಿದದ್ದು ಬಹಳ ತಡವಾಗಿ, ಅದೂ ಅವರ ಹೆಂಡತಿಯಿಂದ.

"ಬಾಯಾರ, ನಿಂತ ಕುದುರಿ ನಿದ್ದಿ ಮಾಡಿದಂಗ ಇವರು ಕುಂತ ನಿದ್ದಿ ಮಾಡ್ತಾರ್ರಿ" ಎಂದು ಆಕೆ ಒಂದು ಮಧ್ಯಾಹ್ನ ನನ್ನ ಜೊತೆ ಕಡಲೆಬೇಳೆ ಆರಿಸುತ್ತ ಹೇಳಿದರು. "ಅಡ್ಡಾದ್ರ ನೀರಾಗ ಮುಳಗಿದಂಗ ಆಗ್ತೈತಂತ. ಮನ್ಯಾಗಿನ ದಿಂಬೆಲ್ಲಾ ಬೆನ್ನಿಗಿ ಕೊಟ್ಟೇನಿ. ಯಾರಿಗೂ ಹೇಳಬ್ಯಾಡ ಅಂದಾರ."

ಹೇಳದಿದ್ದರೂ ಅದು ಬಹಳ ದಿನ ಮುಚ್ಚಿಡುವ ಸಂಗತಿಯಾಗಿ ಉಳಿಯಲಿಲ್ಲ. ಅದೇ ಚಳಿಗಾಲದಲ್ಲಿ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ ಅವರಿಗೆ ಕೆಮ್ಮು ಬಂತು. ಕರವಸ್ತ್ರ ಬಾಯಿಗೆ ಹಿಡಿದರು. ತೆಗೆದಾಗ ಅದರ ಮೇಲೆ ಕೆಂಪು ಕಲೆ. ಅವರು ಗಡಬಡಿಸಿ ಮಡಚಿ ಕಿಸೆಗೆ ಹಾಕಿಕೊಂಡರು. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಆ ಕಾಲದಲ್ಲಿ ಕೆಮ್ಮಿನಲ್ಲಿ ರಕ್ತ ಬಂದರೆ ಯಾರ ಬಾಯಲ್ಲಾದರೂ ಬರುವ ಹೆಸರು ಒಂದೇ, ಕ್ಷಯ. ಅವರನ್ನು ನೋಡಿದ ಡಾಕ್ಟರರೂ ಅದನ್ನೇ ಅಂದರು. ದಿನಾ ಸೂಜಿ, ಗುಳಿಗೆ ಶುರುವಾದವು. ಶಿಕ್ಷಕರ ಕೋಣೆಯಲ್ಲಿ ಅವರ ಚಹಾದ ಲೋಟ ಬೇರೆಯಾಯಿತು. ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ಬೋರಲು ಬಿದ್ದಿರುತ್ತಿತ್ತು. ಜವಾನ ಅದರೊಳಗೆ ಮೇಲಿನಿಂದ ಚಹಾ ಸುರಿಯುತ್ತಿದ್ದ. ಕೆಲವು ತಂದೆತಾಯಿಗಳು ಹೆಡ್‌ಮಾಸ್ತರರ ಹತ್ತಿರ ಬಂದು, ಆ ಮಾಸ್ತರನ್ನು ರಜೆಯ ಮೇಲೆ ಕಳಿಸಿರಿ ಎಂದರು. ಅವರು ಯಾರ ಮೇಲೂ ಸಿಟ್ಟಾಗಲಿಲ್ಲ. ಮಕ್ಕಳನ್ನು ಕುರ್ಚಿಯ ಹತ್ತಿರ ಕರೆಯುವುದನ್ನು ಮಾತ್ರ ಬಿಟ್ಟರು. ಪಾಠ ದೂರದಿಂದ ನಡೆಯಿತು.

ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡರೂ ಗುಣವಾಗಲಿಲ್ಲ. ಏದುಸಿರು ಹೆಚ್ಚಾಯಿತು. ಕೊನೆಗೆ ಅವರ ಹೆಂಡತಿಯ ಅಣ್ಣ ಬಂದು ಅವರನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ವಯಸ್ಸಾದ ಡಾಕ್ಟರರೊಬ್ಬರು ಅವರನ್ನು ಎಡಮಗ್ಗುಲಾಗಿ ಮಲಗಿಸಿ, ಎದೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರಂತೆ. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಚಿಕ್ಕವರಿದ್ದಾಗ ಕೀಲುಗಳು ಬಾತು ಜ್ವರ ಬಂದಿತ್ತೇ?"

ಬಂದಿತ್ತು. ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ. ಮೊದಲು ಗಂಟಲು ನೋವು, ಆಮೇಲೆ ಒಂದು ಮಂಡಿ, ಅದು ಇಳಿಯುವಷ್ಟರಲ್ಲಿ ಇನ್ನೊಂದು, ಆಮೇಲೆ ಮೊಣಕೈ. ಮನೆಯವರು ಎಣ್ಣೆ ತಿಕ್ಕಿ ಶಾಖ ಕೊಟ್ಟರು. ವಾಸಿಯಾಯಿತು. ಹುಡುಗ ಮತ್ತೆ ಓಡಿದ, ಕಬಡ್ಡಿ ಆಡಿದ, ನಾಯಕನಾದ. ಆ ಜ್ವರ ಹೋಗುವಾಗ ಹೃದಯದ ಒಂದು ಕವಾಟಕ್ಕೆ ಗಾಯ ಮಾಡಿ ಹೋಗಿತ್ತು. ಗಾಯ ಮಾಯುತ್ತ ಮಾಯುತ್ತ ಕವಾಟದ ಎರಡು ಎಲೆಗಳ ಅಂಚು ಒಂದಕ್ಕೊಂದು ಅಂಟಿಕೊಂಡವು. ದಾರಿ ಕಿರಿದಾಗುತ್ತ ಬಂತು. ಮುಂದೆ ಹೋಗಲಾರದ ರಕ್ತ ಹಿಂದಕ್ಕೆ ಪುಪ್ಪುಸದಲ್ಲಿ ತುಂಬಿ ನಿಲ್ಲುತ್ತಿತ್ತು. ಏದುಸಿರಿಗೂ ಕೆಮ್ಮಿಗೂ ಕರವಸ್ತ್ರದ ಕಲೆಗೂ ಅದೇ ಕಾರಣ. ಕ್ಷಯದ ಸೂಜಿಯಿಂದ ವಾಸಿಯಾಗುವ ಕಾಯಿಲೆ ಅದಾಗಿರಲಿಲ್ಲ.

"ಅಂಗಿ ಗುಂಡಿ ತೂರ್ಸೋ ತೂತಿನಷ್ಟ ಉಳದೈತಂತ್ರಿ ಬಾಯಾರ" ಎಂದು ತಿರುಗಿ ಬಂದ ಮೇಲೆ ನನಗೆ ಹೇಳಿದರು. "ಮುಂಬೈಕ್ಕ ಹೋಗಿ ಎದಿ ಕೊಯ್ಸಿಕೋ ಅಂದಾರ."

"ಯಾವಾಗ ಹೋಗ್ತೀರಿ?"

"ನೋಡೂಣ್ರಿ" ಎಂದರು. ಆ "ನೋಡೂಣ" ಒಂದೂವರೆ ವರ್ಷ ನಡೆಯಿತು. ಕ್ಷಯವಲ್ಲವೆಂದು ತಿಳಿದ ಮೇಲೆ ಲೋಟಗಳು ಮತ್ತೆ ಒಂದೇ ತಟ್ಟೆಗೆ ಬಂದವು. ಅವರು ಮಾತ್ರ ಕಿಟಕಿಯಲ್ಲಿದ್ದ ತಮ್ಮ ಲೋಟವನ್ನೇ ಎತ್ತಿಕೊಳ್ಳುತ್ತಿದ್ದರು. "ಇದರಾಗ ಚಹಾ ಸ್ವಲ್ಪ ಹೆಚ್ಚ ಹಿಡೀತೈತ್ರಿ" ಎಂದು ಜವಾನನಿಗೆ ಹೇಳಿದ್ದನ್ನು ಕೇಳಿದ್ದೇನೆ.

ಇನ್ನು ಮಾಳವ್ವನ ವಿಷಯ. ಮಾಳವ್ವ ಕುರಿ ಕಾಯುವ ಬೀರಪ್ಪನ ಮಗಳು. ಏಳನೆಯ ಇಯತ್ತೆ ಮುಗಿಸಿ ಮನೆಯಲ್ಲಿದ್ದ ಹುಡುಗಿಯನ್ನು ಹೈಸ್ಕೂಲಿಗೆ ತಂದವರೇ ಡ್ರಿಲ್ ಮಾಸ್ತರರು. ಒಂದು ದಿನ ಊರ ಹೊರಗೆ ಹಿಂಡಿನಿಂದ ತಪ್ಪಿಸಿಕೊಂಡ ಹೋತವನ್ನು ಆಕೆ ಬೆನ್ನಟ್ಟಿ ಹಿಡಿದದ್ದನ್ನು ನೋಡಿದರಂತೆ. ನೇರ ಬೀರಪ್ಪನ ಹಟ್ಟಿಗೆ ಹೋದರು. "ನಿನ್ನ ಮಗಳನ್ನ ಸಾಲಿಗೆ ಕಳಸು. ಓಟದಾಗ ಜಿಲ್ಲಾಕ್ಕ ಹೆಸರ ತರ್ತಾಳ" ಎಂದು ಮಾತು ಕೊಟ್ಟರು. ಬೀರಪ್ಪ ವರ್ಷದಲ್ಲಿ ಅರ್ಧ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಓಟಕ್ಕಾಗಿ ಶಾಲೆ ಎಂಬುದು ಅವನಿಗೆ ಹೊಸ ವಿಚಾರ. ಆದರೂ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಶಾಲೆಗೆ ಹಚ್ಚಿದ.

ಆಕೆ ಬರಿಗಾಲಲ್ಲಿ ಓಡುತ್ತಿದ್ದಳು. ಕುರ್ಚಿಯಲ್ಲಿ ಕೂತ ಮಾಸ್ತರರು ಆಕೆ ತಿರುವಿನಲ್ಲಿ ಮೈ ವಾಲಿಸುವುದನ್ನು ನೋಡುತ್ತ ತಮ್ಮ ಮೈಯನ್ನೂ ಅತ್ತ ವಾಲಿಸುತ್ತಿದ್ದರು. ತಾಲೂಕಿನ ಓಟದಲ್ಲಿ ಎರಡನೆಯವಳಿಗೂ ಆಕೆಗೂ ಬಹಳ ಅಂತರವಿತ್ತು. ಜಿಲ್ಲೆಯ ಕ್ರೀಡಾಕೂಟ ಆ ವರ್ಷ ನನ್ನ ತವರೂರು ಬಾಗೇವಾಡಿಯಲ್ಲಿ. ಹುಡುಗಿಯರ ಜೊತೆ ನಾನು ಹೋಗಲೇಬೇಕಿತ್ತು. ಹೆಡ್‌ಮಾಸ್ತರರೂ ಬಂದಿದ್ದರು. ಗೆದ್ದ ಶಾಲೆಗೆ ಕೊಡುವ ಡಾಲು ನಮಗೇ ಬರುವುದು ಅವರ ಪಾಲಿಗೆ ಆಗಲೇ ಖಚಿತವಾಗಿತ್ತು.

ಓಟಕ್ಕೆ ಸ್ವಲ್ಪ ಮುಂಚೆ ಮಾಳವ್ವನ ಬೆನ್ನಿಗೆ ನಂಬರಿನ ಬಟ್ಟೆ ಪಿನ್ನು ಮಾಡುತ್ತಿದ್ದೆ. ಕೈ ಎತ್ತು ಎಂದರೆ ಆಕೆ "ಸ್ಸ್" ಎಂದಳು. ಅಲ್ಲೇ ನಿಂತಿದ್ದ ಡ್ರಿಲ್ ಮಾಸ್ತರರು ತಿರುಗಿ ನೋಡಿದರು.

"ಏನಾತ?"

"ಮೊಣಕೈ ಬಾತೈತ್ರಿ. ಏನಿಲ್ರಿ, ಓಡೂದು ಕಾಲಲೆ ಅಲ್ಲೇನ್ರಿ" ಎಂದು ಆಕೆ ನಕ್ಕಳು.

ಅವರು ನಗಲಿಲ್ಲ. ಮೊಣಕೈ ಮುಟ್ಟಿ ನೋಡಿದರು. ಬಿಸಿಯಾಗಿತ್ತು. "ಇದಕ್ಕಿಂತ ಮೊದಲ ಎಲ್ಲೆ ಬಾತಿತ್ತು?"

"ಮೊಣಕಾಲ್ರಿ. ಅದು ಕಡಿಮಿ ಆತು, ಇದು ಹಿಡೀತು."

"ಅದಕ್ಕೂ ಮೊದಲ ಗಂಟಲ ಬ್ಯಾನಿ ಬಂದಿತ್ತೇನ?"

ಹುಡುಗಿಗೆ ಆಶ್ಚರ್ಯವಾಯಿತು. "ಹೌದ್ರಿ. ಉಗುಳ ನುಂಗಾಕ ಬರ್ತಿರಲಿಲ್ಲ. ನಿಮಗ್ಯಾರು ಹೇಳಿದ್ರಿ?"

ಅವರು ನಾನು ಆಗಷ್ಟೇ ಹಾಕಿದ್ದ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದರು. ನಂಬರಿನ ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಓಟಗಾರರ ಹೆಸರು ಬರೆದುಕೊಳ್ಳುವವರ ಮೇಜಿನ ಹತ್ತಿರ ಹೋಗಿ ಮುದ್ದೇಬಿಹಾಳದ ಹುಡುಗಿ ಓಡುವುದಿಲ್ಲ ಎಂದು ಹೇಳಿ ಬಂದರು.

ಹೆಡ್‌ಮಾಸ್ತರರು ಧಾವಿಸಿ ಬಂದರು. "ಏನ್ ಹುಚ್ಚ ಹಿಡದೈತೇನ್ರಿ ನಿಮಗ? ಹುಡುಗಿ ನೆಟ್ಟಗ ನಿಂತಾಳ, ನಗಾಕತ್ತಾಳ!"

"ಓಡಿಸಿದ್ರ ಆಕಿ ಎದಿಗೆ ಹತ್ತತೈತ್ರಿ ಸರ."

"ಮೊಣಕೈ ಬಾತರ ಎದಿಗೆ ಹ್ಯಾಂಗ ಹತ್ತತೈತ್ರಿ? ನೀವೇನ್ ಡಾಕ್ಟರೇನು?"

"ಅಲ್ರಿ. ಡಾಕ್ಟರ್ ಹತ್ರಾನ ಕರಕೊಂಡ ಹೊಂಟೇನಿ."

ಸೀಟಿ ಊದಿದರು. ಓಟ ಶುರುವಾಯಿತು, ಮುಗಿಯಿತು. ಸಿಂದಗಿ ಕಡೆಯ ಯಾವುದೋ ಹುಡುಗಿ ಗೆದ್ದಳು. ಮಾಳವ್ವ ಸುಣ್ಣದ ಗೆರೆಯ ಹೊರಗೆ ನಿಂತು ಅದನ್ನು ನೋಡಿದಳು. ಅತ್ತಳು. ನನ್ನ ಸೆರಗು ಹಿಡಿದುಕೊಂಡು, "ಬಾಯಾರ, ಆಕಿ ನನಗಿಂತ ಮೆಲ್ಲಕ ಓಡಿದಳ್ರಿ" ಎಂದಳು. ಅದು ನಿಜವಾಗಿತ್ತು.

ಬಾಗೇವಾಡಿಯ ದವಾಖಾನೆಯ ಡಾಕ್ಟರರು ಆಕೆಯನ್ನು ಪರೀಕ್ಷಿಸಿ, ಡ್ರಿಲ್ ಮಾಸ್ತರರ ಅನುಮಾನ ಸರಿಯಿರಬಹುದು ಎಂದರು. ಎದೆಯಲ್ಲಿ ಒಂದು ಸಣ್ಣ ಸಪ್ಪಳ ಕೇಳುತ್ತಿತ್ತು. ಅದು ಹೋಗಲೂಬಹುದು, ನಿಲ್ಲಲೂಬಹುದು. ಈಗ ಹಾಸಿಗೆಯಲ್ಲಿ ವಿಶ್ರಾಂತಿ, ಆಮೇಲೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ, ವರ್ಷಗಟ್ಟಲೆ. ಗಂಟಲು ನೋವು ಮತ್ತೆ ಬಂದರೆ ಜ್ವರ ಮತ್ತೆ ಬರುತ್ತದೆ, ಪ್ರತಿ ಸಲ ಬಂದಾಗಲೂ ಕವಾಟ ಇನ್ನಷ್ಟು ಕೆಡುತ್ತದೆ. ಅದನ್ನು ತಡೆಯಲು ಆ ಸೂಜಿ.

ಸುದ್ದಿ ತಿಳಿದು ಬೀರಪ್ಪ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಶಾಲೆಗೆ ಬಂದ. ಕಂಬಳಿ ಹೆಗಲ ಮೇಲೆಯೇ ಇತ್ತು. ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲರ ಮುಂದೆ ಕೇಳಿದ.

"ಓಡಸ್ತೇನಂತ ಹೇಳಿ ನನ್ನ ಮಗಳನ್ನ ಕರಕೊಂಡ ಬಂದ್ರಿ ಮಾಸ್ತರ್ರ. ಈಗ ಮಂದ್ಯಾಗ ಆಕೀಗಿ ರೋಗ ಐತಿ ಅಂತ ಡಂಗುರ ಹೊಡದ್ರಿ. ನಾಳಿ ಆಕಿ ಲಗ್ನ ಮಾಡೋದ ಯಾರು? ನೀವು ಓಡಲಾರದವ್ರು. ಅದಕ್ಕಂತ ನನ್ನ ಮಗಳನ್ನೂ ಕುಂಡ್ರಸ್ತೀರೇನು?"

ಡ್ರಿಲ್ ಮಾಸ್ತರರು ಎದ್ದು ಗೋಡೆಯ ಪಕ್ಕದ ಬೆಂಚಿನ ಹತ್ತಿರ ಹೋದರು. ಅಂಗಿಯ ಗುಂಡಿ ಬಿಚ್ಚಿದರು. ಎಡಮಗ್ಗುಲಾಗಿ ಮಲಗಿಕೊಂಡರು. "ಬೀರಪ್ಪ, ಇಲ್ಲೆ ಬಾ. ಕೈ ಕೊಡು" ಎಂದರು. ಅವನ ಅಂಗೈಯನ್ನು ತಮ್ಮ ಎಡ ಮೊಲೆಯ ಕೆಳಗೆ ಒತ್ತಿ ಹಿಡಿದರು.

ಬೀರಪ್ಪ ಒಲ್ಲದ ಮನಸ್ಸಿನಿಂದ ಕೈಯಿಟ್ಟವನು ಸ್ವಲ್ಪ ಹೊತ್ತಿಗೆ ಬಗ್ಗಿದ. ಕುರಿಯ ಹೊಟ್ಟೆಯಲ್ಲಿ ಮರಿ ಹೊರಳುವುದನ್ನು ಕೈಯಿಂದಲೇ ತಿಳಿಯುವ ಮನುಷ್ಯ. ಅವನ ಮುಖ ಬದಲಾಯಿತು.

"ಬೆಕ್ಕ ಗುರುಗುಟ್ಟಿದಂಗ ಆಗಾಕತ್ತೇತಲ್ರಿ ಒಳಗ!"

"ಹೂಂ. ನಿನ್ನ ಮಗಳಷ್ಟ ಇದ್ದಾಗ ನನಗೂ ಹಿಂಗ ಗಂಟಲ ಬ್ಯಾನಿ, ಕೀಲ ಬ್ಯಾನಿ ಬಂದಿತ್ತು. ನಮ್ಮಪ್ಪ ಎಣ್ಣಿ ತಿಕ್ಕಿಸಿದ. ಕೀಲು ಆರಾಮಾದ್ವು. ಎದಿ ಕೆಟ್ಟದ್ದು ಯಾರಿಗೂ ತಿಳೀಲಿಲ್ಲ. ನಮ್ಮಪ್ಪಂದೇನು ತಪ್ಪಿಲ್ಲ, ಅವಂಗ ಹೇಳೋರು ಇರಲಿಲ್ಲ." ಇಷ್ಟು ಹೇಳುವಷ್ಟರಲ್ಲಿ ಅವರು ಉಸಿರು ಸಾಲದೆ ಎದ್ದು ಕೂತರು. "ನಿನಗ ನಾ ಹೇಳಾಕತ್ತೇನಿ."

ಬೀರಪ್ಪ ಕಂಬಳಿಯ ಅಂಚಿನಿಂದ ತನ್ನ ಕೈಯನ್ನು ಒರೆಸಿಕೊಂಡ. ಆಮೇಲೆ ನೆಲದ ಮೇಲೆ ಕೂತು, "ಸೂಜಿ ಎಲ್ಲೆ ಮಾಡಸಬೇಕ್ರಿ?" ಎಂದು ಕೇಳಿದ.

ಸೂಜಿಗೆ ಒಪ್ಪಿಸಿದ್ದಾಯಿತು. ಮಾಳವ್ವನ ಸಿಟ್ಟು ಇಳಿಯಲಿಲ್ಲ. ಆ ಪೆನ್ಸಿಲಿನ್ ಸೂಜಿ ಬಹಳ ನೋವಿನದು. ಹಾಕಿಸಿಕೊಂಡ ಮೇಲೆ ಎರಡು ದಿನ ಕುಂಟುವಂತಾಗುತ್ತಿತ್ತು. ಬೀರಪ್ಪ ಕುರಿಗಳ ಹಿಂದೆ ಹೋದಾಗ ಆಕೆಯನ್ನು ದವಾಖಾನೆಗೆ ಕರೆದೊಯ್ಯುತ್ತಿದ್ದವರು ಡ್ರಿಲ್ ಮಾಸ್ತರರು. ಜೊತೆಗೆ ನಾನು ಅಥವಾ ಅವರ ಹೆಂಡತಿ. ಹೋಗುವಾಗ ಬರುವಾಗ ಆಕೆ ಅವರ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಅವರು ದಾರಿಯಲ್ಲಿ ಎಲ್ಲರ ಜೊತೆ ನಿಂತು ಮಾತಾಡುವರು, ಆಕೆ ಅಷ್ಟು ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲುವಳು.

ಹೀಗೆ ಎಷ್ಟೋ ಸೂಜಿಗಳಾದ ಮೇಲೆ ಒಂದು ದಿನ ದವಾಖಾನೆಯ ಕಟ್ಟೆಯ ಮೇಲೆ ಮೂವರೂ ಕೂತಿದ್ದೆವು. ಮಾಸ್ತರರಿಗೆ ಅಂದು ಹೆಜ್ಜೆ ಹೆಜ್ಜೆಗೂ ದಮ್ಮು ಹತ್ತಿತ್ತು. ಪಾದ ಊದಿ ಕ್ಯಾನ್ವಾಸ್ ಬೂಟಿನ ಲೇಸು ಬಿಚ್ಚಿಕೊಂಡಿದ್ದರು. ಮಾಳವ್ವ ಆ ಪಾದಗಳನ್ನೇ ನೋಡುತ್ತಿದ್ದಳು. ಆಮೇಲೆ ತಾನಾಗಿ ಬಾಯಿ ಬಿಟ್ಟಳು.

"ಸರ, ನಿಮಗ ಡಾಕ್ಟರ್ ಏನ್ ಹೇಳ್ಯಾರ್ರಿ?"

"ಮುಂಬೈಕ್ಕ ಹೋಗಿ ಎದಿ ಕೊಯ್ಸಿಕೋ ಅಂದಾರವಾ."

"ಮತ್ತ ಯಾಕ ಹೋಗವಲ್ರಿ?"

ಅವರು ನನ್ನ ಕಡೆ ನೋಡಿದರು. ಎಲ್ಲರಿಗೂ ಹೇಳಿದಂತೆ ರಜೆ, ಖರ್ಚು, ಮನೆ ಎಂದು ಏನಾದರೂ ಹೇಳುತ್ತಾರೆ ಎಂದುಕೊಂಡೆ. ಆದರೆ ಆ ಹುಡುಗಿಗೆ ಅವರು ನಿಜ ಹೇಳಿದರು.

"ಅಂಜಿಕಿ ಬರ್ತೈತಿ ಮಾಳವ್ವ."

"ನನಗೂ ಬರ್ತೈತ್ರಿ. ಆದ್ರೂ ನೀವು ಬಿಡ್ತೀರೇನು? ಎಳಕೊಂಡ ಬರ್ತೀರಿ." ಆಕೆಯ ಧ್ವನಿಯಲ್ಲಿ ಸಿಟ್ಟಿತ್ತು, ಕಣ್ಣಲ್ಲಿ ನೀರಿತ್ತು. "ನಿಮ್ಮನ್ನ ಯಾರು ಎಳಕೊಂಡ ಹೋಗಬೇಕು?"

ಆ ಬೇಸಿಗೆ ರಜೆಯಲ್ಲಿ ಅವರು ಹೋದರು. ವಿಜಾಪುರದಲ್ಲಿ ಸಣ್ಣ ರೈಲು ಹತ್ತಿ ಸೊಲ್ಲಾಪುರ, ಅಲ್ಲಿಂದ ದೊಡ್ಡ ರೈಲಿನಲ್ಲಿ ಮುಂಬೈ. ಹೆಂಡತಿ ಮತ್ತು ಆಕೆಯ ಅಣ್ಣ ಜೊತೆಗಿದ್ದರು. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಅರ್ಧ ಊರು ನೆರೆದಿತ್ತು. ಅವರು ದಾರಿಯಲ್ಲಿ ನಿಂತು ನಿಂತು ಮಾತಾಡಿಸಿದವರೆಲ್ಲ ಬಂದಿದ್ದರು. ಶೇಂಗಾ ವ್ಯಾಪಾರಿ, ಸೈಕಲ್ ರಿಪೇರಿಯವನು, ಪೋಸ್ಟರ್ ಅಂಟಿಸುವ ಮುದುಕ. ಹೆಡ್‌ಮಾಸ್ತರರು ಒಂದು ಚೀಲ ಮೋಸಂಬಿ ತಂದಿದ್ದರು. ಡಾಲಿನ ಮಾತನ್ನು ಅವರು ಆಮೇಲೆ ಎಂದೂ ಎತ್ತಲಿಲ್ಲ.

ಶಸ್ತ್ರಕ್ರಿಯೆ ಆಯಿತು. ಆಗಿನ ಪದ್ಧತಿ ಈಗ ಹೇಳಿದರೆ ನಂಬಲಾಗದು. ಎಡಗಡೆಯ ಪಕ್ಕೆಲುಬುಗಳ ನಡುವೆ ಕೊಯ್ದು, ಬಡಿಯುತ್ತಿರುವ ಹೃದಯದೊಳಗೆ ಡಾಕ್ಟರರು ಬೆರಳು ತೂರಿಸಿ, ಅಂಟಿಕೊಂಡ ಕವಾಟವನ್ನು ಬೇರ್ಪಡಿಸುತ್ತಿದ್ದರು. ಮಳೆಗಾಲ ಶುರುವಾದ ಮೇಲೆ ಊರಿಗೆ ಬಂದ ಮಾಸ್ತರರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಅದನ್ನು ನನಗೆ ಹೇಳಿದರು.

"ಹೆತ್ತ ತಾಯಿ ಕೈಯೂ ಮುಟ್ಟಲಾರದಲ್ಲಿ ಒಬ್ಬರ ಬೆರಳ ಹೋಗಿ ಬಂತ್ರಿ ಬಾಯಾರ. ಅವರ ಮಾರಿ ನನಗ ನೆಟ್ಟಗ ನೆನಪಿಲ್ಲ. ಮೂಗು ಬಾಯಿ ಕಟ್ಕೊಂಡಿದ್ರು. ಈಗ ದಾರ್ಯಾಗ ಎದುರ ಬಂದ್ರೂ ಗುರುತ ಹಿಡಿಯಾಂವಲ್ಲ ನಾ."

ಅಂದು ಅವರು ಆ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದನ್ನು ನಾನೂ ನನ್ನ ಗಂಡನೂ ಗಮನಿಸಿದೆವು. ಅವರ ಹೆಂಡತಿ ದಿಂಬುಗಳನ್ನೆಲ್ಲ ಬಿಸಿಲಿಗೆ ಹಾಕಿದರು. ಶಾಲೆಗೆ ಹೋಗುವ ದಾರಿಯಲ್ಲಿ ಮಾತ್ರ ಅವರು ಮೊದಲಿನ ಹಾಗೆಯೇ ಅಂಗಡಿ ಅಂಗಡಿಗೆ ನಿಲ್ಲುತ್ತಿದ್ದರು. ಈಗೇಕೆ ನಿಲ್ಲುತ್ತೀರಿ ಎಂದರೆ, "ನಿಲ್ಲದಿದ್ರ ಅವರು ಸಿಟ್ಟಾಗ್ತಾರ್ರಿ" ಎಂದರು.

ಮಾಳವ್ವನ ಎದೆಯ ಸಪ್ಪಳ ಮೆಲ್ಲನೆ ಅಡಗಿತು. ಡಾಕ್ಟರರು ಒಪ್ಪಿದ ಮೇಲೆ ಹತ್ತನೆಯ ಇಯತ್ತೆಯಲ್ಲಿ ಆಕೆ ಮತ್ತೆ ಓಡಿದಳು, ಮೂರನೆಯವಳಾಗಿ ಬಂದಳು. ಆಮೇಲೆ ಓಡಲಿಲ್ಲ. ಸೂಜಿ ಮುಂದುವರಿಯಿತು.

ಡ್ರಿಲ್ ಮಾಸ್ತರರ ಮುಂದಿನ ಬದುಕನ್ನು ಇಲ್ಲೇ ಹೇಳಿಬಿಡುತ್ತೇನೆ. ಬಿಡಿಸಿದ ಕವಾಟ ವರ್ಷಗಳು ಕಳೆದಂತೆ ಮತ್ತೆ ಅಂಟಿಕೊಳ್ಳುತ್ತದೆ. ಅವರಿಗೆ ಅದನ್ನು ಮೊದಲೇ ಹೇಳಿದ್ದರು. ಅವರಿಗೆ ಸಿಕ್ಕಿದ್ದು ಹದಿನೈದು ಹದಿನಾರು ಒಳ್ಳೆಯ ವರ್ಷಗಳು. ಆ ಅವಧಿಯಲ್ಲಿ ಇಬ್ಬರು ಮಕ್ಕಳಾದರು, ನಾಲತವಾಡದಲ್ಲಿ ಮನೆ ಕಟ್ಟಿದರು. ಗಂಟಲು ನೋವಿದೆ, ಮಂಡಿ ಬಾತಿದೆ ಎಂದ ಮಕ್ಕಳನ್ನೆಲ್ಲ ದವಾಖಾನೆಗೆ ಅಟ್ಟಿದರು. ಹೆಚ್ಚಿನವರಿಗೆ ಏನೂ ಇರುತ್ತಿರಲಿಲ್ಲ. "ಮಾಸ್ತರ್ರಿಗೆ ಸೂಜಿ ಹುಚ್ಚು" ಎಂದು ಊರು ನಕ್ಕಿತು. ಏದುಸಿರು ತಿರುಗಿ ಬಂದಾಗ ಬೇಗ ನಿವೃತ್ತಿ ತೆಗೆದುಕೊಂಡರು. ಎರಡನೆಯ ಶಸ್ತ್ರಕ್ರಿಯೆಗೂ ಹೋದರು, ಈ ಸಲ ಯಾರೂ ಎಳೆಯಬೇಕಾಗಲಿಲ್ಲ. ಅದಾದ ಕೆಲವೇ ದಿನಗಳಲ್ಲಿ, ಆಸ್ಪತ್ರೆಯಲ್ಲೇ ತೀರಿಕೊಂಡರು. ನಾವು ಆಗ ವರ್ಗವಾಗಿ ಇಂಡಿ ಊರಿನಲ್ಲಿದ್ದೆವು. ಸುದ್ದಿ ತಲುಪುವಷ್ಟರಲ್ಲಿ ಮಣ್ಣಾಗಿತ್ತು.

ಅವರನ್ನು ನೆನೆದಾಗ ನನಗೆ ಕಾಣುವುದು ಎಪ್ಪತ್ತರ ದಶಕ ಮುಗಿಯುವ ಹೊತ್ತಿನ ಒಂದು ಬೇಸಿಗೆ. ಮಾಳವ್ವನನ್ನು ನೋಡಲು ಚಡಚಣದ ಹತ್ತಿರದ ಹಳ್ಳಿಯಿಂದ ಗಂಡಿನವರು ಬರುವವರಿದ್ದರು. ಬೀರಪ್ಪ ಹಿಂದಿನ ದಿನ ಮಾಸ್ತರರ ಮನೆಗೆ ಬಂದು ಕೈ ಮುಗಿದ. "ಸೂಜಿ ಮಾತು ತಗೀಬ್ಯಾಡ್ರಿ. ಲಗ್ನ ಆದಮ್ಯಾಗ ಹ್ಯಾಂಗರ ಮಾಡಿ ಹೇಳೂಣು."

ಅವನು ಹೋದ ಮೇಲೆ ಮಾಸ್ತರರು ನನ್ನನ್ನು ಕೇಳಿದರು. "ಹೇಳಿದ್ರ ಲಗ್ನ ಮುರೀತೈತಿ. ಹೇಳದಿದ್ರ ಸೂಜಿ ನಿಲ್ತೈತಿ. ಏನ್ ಮಾಡೂದ್ರಿ ಬಾಯಾರ?" ಏನೂ ತೀರ್ಮಾನವಾಗದೆ ಮರುದಿನ ಬೀರಪ್ಪನ ಮನೆಯಲ್ಲಿ ಇಬ್ಬರೂ ಬಾಯಿ ಕಟ್ಟಿದವರ ಹಾಗೆ ಕೂತೆವು.

ಗಂಡಿನ ಸೋದರತ್ತೆ ಪ್ರಶ್ನೆ ಕೇಳುವಾಕೆ. ರೊಟ್ಟಿ ಬಡಿಯಲು ಬರುತ್ತದೆಯೇ, ಹಾಲು ಕರೆಯಲು ಬರುತ್ತದೆಯೇ ಎಂದೆಲ್ಲ ಕೇಳಿ ಮುಗಿಸಿ, ಪದ್ಧತಿಯಂತೆ, "ನೀ ಏನರ ಕೇಳೂದೈತೇನವಾ?" ಎಂದಳು. ಇಲ್ಲವೆಂದು ತಲೆ ಅಲ್ಲಾಡಿಸುವುದು ವಾಡಿಕೆ.

ಮಾಳವ್ವ ತಲೆ ಎತ್ತಿದಳು. "ನಿಮ್ಮೂರ ಹತ್ರ ದವಾಖಾನಿ ಎಲ್ಲೈತ್ರಿ? ನನಗ ಮೂರ ವಾರಕ್ಕೊಮ್ಮೆ ಸೂಜಿ ಬೇಕು."

ಬೀರಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಸೋದರತ್ತೆ ಯಾವ ಸೂಜಿ, ಯಾತಕ್ಕೆ ಎಂದು ಕೇಳಿದಳು. ಮಾಳವ್ವ ಗಂಟಲು ನೋವಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. "ಈಗ ಎದಿ ಚಲೋ ಐತ್ರಿ. ಚಲೋ ಇರಲಂತ ಸೂಜಿ." ಸೋದರತ್ತೆ ಮಾಸ್ತರರ ಕಡೆ ತಿರುಗಿದಳು. "ಖರೇ ಏನ್ರಿ ಇದು?"

ಅವರು ಎದ್ದು ನಿಂತು ಅಂಗಿ ಎತ್ತಿದರು. ಎಡ ಮೊಲೆಯ ಕೆಳಗಿನಿಂದ ಬೆನ್ನಿನವರೆಗೆ ಸುತ್ತಿ ಹೋದ ಗಾಯದ ಗುರುತನ್ನು ಆ ಮಂದಿಗೆಲ್ಲ ತೋರಿಸಿದರು. "ಸೂಜಿ ಇಲ್ಲದ ಬೆಳದ ಎದಿ ಹಿಂಗ ಆಗ್ತೈತ್ರಿ. ಆಕೀದು ಹಿಂಗಾಗಿಲ್ಲ. ಆಗಬಾರದು."

ಗಂಡಿನವರು "ಹೇಳಿ ಕಳಸ್ತೀವಿ" ಎಂದು ಎದ್ದರು. ಆ ಮಾತಿನ ಅರ್ಥ ನಮಗೆಲ್ಲ ಗೊತ್ತಿತ್ತು. ಬೀರಪ್ಪ ಮಗಳಿಗೂ ಮಾಸ್ತರರಿಗೂ ಏನೂ ಅನ್ನದೆ ಕುರಿಗಳ ಕಡೆ ಹೋಗಿಬಿಟ್ಟ. ಮಾಸ್ತರರು ಒಂದು ವಾರ ದಾರಿಯಲ್ಲಿ ಯಾರ ಅಂಗಡಿಯ ಮುಂದೆಯೂ ನಿಲ್ಲಲಿಲ್ಲ.

ಆ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅವರ ಮನೆಯ ಪಡಸಾಲೆಯಲ್ಲಿ ಅವರ ಹೆಂಡತಿಯ ಜೊತೆ ಕೂತಿದ್ದೆ, ಮಾಸ್ತರರು ಪಕ್ಕದ ಕುರ್ಚಿಯಲ್ಲಿದ್ದರು. ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತ. ತಲೆಗೆ ಟವಲು, ಅಂಗಿಯೆಲ್ಲ ಬಸ್ಸಿನ ಧೂಳು. ಅಂದು ಹಿರಿಯರ ನಡುವೆ ಬಾಯಿ ಬಿಡದೆ ಕೂತಿದ್ದ ವರ ಎಂದು ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಒಬ್ಬನೇ ಬಂದಿದ್ದ.

"ನಮ್ಮ ಸೋದರತ್ತಿಗೆ ಇನ್ನಾ ಪೂರಾ ಮನಸಿಲ್ರಿ" ಎಂದ ಹೊಸ್ತಿಲಾಚೆಯೇ ನಿಂತು. "ಚಡಚಣದ ದವಾಖಾನ್ಯಾಗ ಕೇಳಿ ಬಂದೇನಿ. ಆ ಸೂಜಿ ಹಾಕ್ತಾರಂತ. ನನ್ನ ಹತ್ರ ಸೈಕಲ್ ಐತಿ. ಎಷ್ಟ ವರ್ಷ ಹಾಕಿಸಬೇಕು, ಹಾಕಿಸಿದ ದಿನ ಹೊಲಕ್ಕ ಹೋಗಬಹುದೋ ಇಲ್ಲೋ, ಅದೆಲ್ಲಾ ನಿಮ್ಮನ್ನ ಕೇಳೂಣಂತ ಬಂದೆ."

ಡ್ರಿಲ್ ಮಾಸ್ತರರು ಕುರ್ಚಿಯಿಂದ ಎದ್ದರು. ಹೆಂಡತಿಯ ಕಡೆ ತಿರುಗಿ ಚಹಾ ಇಡಲು ಕೈಸನ್ನೆ ಮಾಡಿದರು.

"ಒಳಗ ಬಾರಪಾ" ಎಂದರು. "ಬಿಸಲಾಗ ನಿಂತ ಕೇಳೂ ಮಾತಲ್ಲ ಇದು."